ಕಲ್ಕೂನಾ ಬೇಕರಿಯ ಮಾಸ್ಟರ್

ಓವನ್ನಿನಿಂದ ಹೊರಬಂದ ಬ್ರೆಡ್ಡು ಸ್ವಲ್ಪ ಹೊತ್ತು ಮಾತಾಡುತ್ತದೆ. ತಣ್ಣನೆ ಗಾಳಿ ಸೋಕಿದ ಕೂಡಲೇ ಅದರ ಮೇಲಿನ ಪದರ ಸಣ್ಣಗೆ, ಒಣಗಿದ ಎಲೆಯ ಮೇಲೆ ಯಾರೋ ಹೆಜ್ಜೆಯಿಟ್ಟ ಹಾಗೆ, ಬಿರಿಯತೊಡಗುತ್ತದೆ. ಕಲ್ಕೂನಾ ಬೇಕರಿಯಲ್ಲಿ ಆ ಮಾತನ್ನು ಮೊದಲು ಕೇಳಬೇಕಾದವನು ಥಾಕ್. ದಿಯೆಮ್ ಮೊದಲ ಟ್ರೇಯಿಂದ ಒಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಹಿಡಿದು, ಎರಡೂ ಕೈ ನೀಡಿ, ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತ ಅವನಿಗೆ ಕೊಡುತ್ತಾಳೆ. ಅವನು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಅದನ್ನು ತೆಗೆದುಕೊಳ್ಳುತ್ತಾನೆ. ಕಿವಿಯ ಬಳಿ ಹಿಡಿದು ಕಣ್ಣು ಮುಚ್ಚುತ್ತಾನೆ. ಆಮೇಲೆ ತಲೆಯಾಡಿಸುತ್ತಾನೆ. ಅವನು ತಲೆಯಾಡಿಸದೆ ಒಂದು ಬ್ರೆಡ್ಡೂ ಅಂಗಡಿಯ ಮುಂಭಾಗಕ್ಕೆ ಹೋಗುವುದಿಲ್ಲ.

ಬ್ರೆಡ್ಡಿನ ಜೊತೆ ಅವನ ಕೈಯೂ ನಡುಗುತ್ತಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ದಿಯೆಮ್ ಆ ಹೊತ್ತಿಗೆ ಸರಿಯಾಗಿ ಓವನ್ನಿನ ಬಾಗಿಲಿನತ್ತ ತಿರುಗುತ್ತಾಳೆ. ಲೂಯೆನ್ ಗಲ್ಲಾಪೆಟ್ಟಿಗೆಯ ಬಳಿ ಏನನ್ನೋ ಒರೆಸುತ್ತಾಳೆ.

ಲೂಯೆನ್ ಥಾಕ್‌ನ ಹೆಂಡತಿ. ಬೇಕರಿ ಅವಳ ಹೆಸರಿನಲ್ಲಿದೆ. ಹುಟ್ಟಿದ್ದು ವಿಯೆಟ್ನಾಮಿನ ಮಿ ಥೋ ಎಂಬ ನದಿಯ ಊರಿನಲ್ಲಿ. ಯುದ್ಧದ ನಂತರ ದೋಣಿಯಲ್ಲಿ ದೇಶ ಬಿಟ್ಟು ಬಂದವಳು, ಮೆಲ್ಬರ್ನ್‌ನ ಕೋಳಿ ಕಾರ್ಖಾನೆಯಲ್ಲಿ ಪುಕ್ಕ ಕೀಳುತ್ತ ಪ್ರಾಯ ಕಳೆದವಳು. ಕಲ್ಕೂನಾ ಊರಿನ ಮುದುಕ ಕೀತ್ ತನ್ನ ಬೇಕರಿ ಮಾರುತ್ತಾನಂತೆ ಎಂಬ ಸುದ್ದಿ ಹಿಡಿದು ಗಂಡ ಹೆಂಡಿರಿಬ್ಬರೂ ಈ ಗೋಧಿ ಸೀಮೆಗೆ ಬಂದರು. ಕೀತ್ ಅಂಗಡಿ ಬಿಟ್ಟುಕೊಟ್ಟನಷ್ಟೇ ಅಲ್ಲ, ಒಂದು ಇಡೀ ಬೇಸಿಗೆ ಇಲ್ಲೇ ನಿಂತು ಥಾಕ್‌ಗೆ ಹಿಟ್ಟಿನ ಕವಚದಲ್ಲಿ ಮಾಂಸ ತುಂಬಿ ಸುಡುವ ಪೈ ಮಾಡುವುದನ್ನು ಕಲಿಸಿದ. ಮೊದಮೊದಲು ಊರಿನವರು ಬಾಗಿಲಲ್ಲೇ ನಿಂತು ಒಳಗೆ ಇಣುಕಿ ಹೋಗುತ್ತಿದ್ದರು. ಆಮೇಲೆ ಪೈ ತಿಂದರು. ಪೈ ತಿಂದವರು ಮೆಣಸು, ಸೌತೆಕಾಯಿ, ಹಂದಿಮಾಂಸ ತುಂಬಿದ ವಿಯೆಟ್ನಾಮಿ ಬ್ರೆಡ್ಡನ್ನೂ ಕೇಳತೊಡಗಿದರು. ಕೀತ್ ತೀರಿಕೊಂಡಾಗ ಲೂಯೆನ್ ಅವನ ಫೋಟೋವನ್ನು ತನ್ನ ಮನೆಯ ತೀರಿಹೋದ ಹಿರಿಯರ ಪೂಜಾಪೀಠದಲ್ಲಿ ಅತ್ತೆ ಮಾವನ ಫೋಟೋಗಳ ಪಕ್ಕ ಇಟ್ಟಳು. ಹೊಸ ವರ್ಷದ ಹಬ್ಬದಲ್ಲಿ ಅವರಿಗೆಲ್ಲ ಕಿತ್ತಳೆ, ಅವನಿಗೆ ಒಂದು ಬಿಯರ್.

ಥಾಕ್‌ನ ಕೈ ಮೊದಲು ಪೈಯ ಅಂಚು ಮಡಿಸುವಾಗ ತಪ್ಪಿತು. ಆಮೇಲೆ ಹಿಟ್ಟಿನಲ್ಲಿ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಗುಳಿಗೆ ಕೊಟ್ಟರು. ಇನ್ನೊಬ್ಬರನ್ನು ಹುಡುಕಿದರೆ ಊರಿನ ಹುಡುಗರು ಯಾರೂ ಆ ಹೊತ್ತಿಗೆ ಏಳಲು ತಯಾರಿಲ್ಲ. ಕೊನೆಗೆ ಸೈಗಾನ್‌ನ ದೊಡ್ಡ ಹೋಟೆಲೊಂದರಲ್ಲಿ ಬ್ರೆಡ್ಡು ಮಾಡುತ್ತಿದ್ದ ದಿಯೆಮ್ ತಾತ್ಕಾಲಿಕ ವೀಸಾದಲ್ಲಿ ಬಂದಳು. ಮೂವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಬಂದ ಮೊದಲ ಬೆಳಿಗ್ಗೆ ಅವಳು ಸ್ಟೂಲಿನ ಮೇಲೆ ಕೂತ ಮುದುಕನನ್ನು ನೋಡಿದಳು, ಅವನ ಕೈ ನೋಡಿದಳು, ಯಾರೂ ಹೇಳದೆಯೇ ಮೊದಲ ಬ್ರೆಡ್ಡನ್ನು ಅವನ ಮುಂದೆ ಹಿಡಿದಳು. ಅದೇ ಪದ್ಧತಿಯಾಯಿತು.

ಈಗ ಆ ತಾತ್ಕಾಲಿಕ ವೀಸಾ ಮುಗಿಯುತ್ತ ಬಂದಿತ್ತು. ಖಾಯಂ ಆಗಬೇಕಾದರೆ ಮೊದಲು ಅಂಗಡಿಯವರು ನಾಮನಿರ್ದೇಶನ ಮಾಡಬೇಕು: ನಮಗೆ ಇಂಥ ಕೆಲಸಕ್ಕೆ ಜನ ಬೇಕು, ಈಕೆಯೇ ಬೇಕು ಎಂದು. ಲೂಯೆನ್ ಮಾಡಿದ್ದಳು. ಅದರ ಉತ್ತರವನ್ನು ಮೆಲ್ಬರ್ನ್‌ನ ವಕೀಲ ಖಾಂಗ್ ಫೋನಿನಲ್ಲಿ ತಿಳಿಸಿದ. ಅಲ್ಲೇ ಹುಟ್ಟಿ ಬೆಳೆದ ಹುಡುಗ, ಅವನ ವಿಯೆಟ್ನಾಮಿ ಮಾತು ಹೊಸ ಚಪ್ಪಲಿಯ ಹಾಗೆ ಅಲ್ಲಲ್ಲಿ ಕಚ್ಚುತ್ತಿತ್ತು.

"ದೊಡ್ಡಮ್ಮ, ಕೂತಿದೀರಾ?"

"ಅಂಗಡೀಲಿ ಯಾರಪ್ಪ ಕೂತ್ಕೋತಾರೆ? ಹೇಳು."

"ನಾಮನಿರ್ದೇಶನ ತಿರಸ್ಕಾರ ಆಗಿದೆ."

ಲೂಯೆನ್ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟಳು. "ಯಾಕೆ?"

"ಇಲಾಖೆಯವರು ನಿಮ್ಮಂಗಡಿಗೆ ಫೋನ್ ಮಾಡಿ ವಿಚಾರಿಸಿದ್ರಂತೆ. ಯಾರೋ ಗಂಡಸರು ಎತ್ಕೊಂಡ್ರಂತೆ. ಇಲ್ಲಿ ಬೇಕರಿ ಕೆಲಸ ಯಾರು ಮಾಡೋದು ಅಂತ ಕೇಳಿದ್ದಕ್ಕೆ, 'ನಾನೇ. ಮೂವತ್ತು ವರ್ಷದಿಂದ ಇಲ್ಲಿ ನಾನೇ ಮಾಸ್ಟರ್. ಆ ಹುಡುಗಿ ಟ್ರೇ ತೊಳೀತಾಳೆ, ಅಷ್ಟೇ' ಅಂದ್ರಂತೆ. ಅಂದ್ಮೇಲೆ ಕೆಲಸ ಖಾಲಿನೇ ಇಲ್ಲ, ವೀಸಾಗೋಸ್ಕರ ಹುಟ್ಟಿಸಿದ ಕೆಲಸ ಅಂತ ಬರೆದಿದಾರೆ. ಯಾರು ದೊಡ್ಡಮ್ಮ ಅದು?"

ಲೂಯೆನ್ ಗೋಡೆಯತ್ತ ನೋಡಿದಳು. ಥಾಕ್ ಸ್ಟೂಲಿನ ಮೇಲೆ ಕೂತು, ಕಾಫಿಯ ಲೋಟವನ್ನು ತೊಡೆಗಳ ನಡುವೆ ಭದ್ರವಾಗಿ ಇಟ್ಟುಕೊಂಡು, ಕೊಳವೆಯಿಂದ ಹೀರುತ್ತಿದ್ದ. ಅವನ ತಲೆಯ ಮೇಲಿನ ಗೋಡೆಗೆ ಅಂಗಡಿಯ ಹಳೆಯ ಫೋನು ನೇತುಬಿದ್ದಿತ್ತು. ಅವಳು ಕೈಯಲ್ಲಿ ಹಿಡಿದಿದ್ದದ್ದು ಅದರದೇ ರಿಸೀವರ್. ಸುರುಳಿ ತಂತಿ ಅವನ ಭುಜ ಸವರಿಕೊಂಡು ಬಂದಿತ್ತು.

ಆ ದಿನ ನೆನಪಾಯಿತು. ಶಾಲೆ ಬಿಟ್ಟ ಹೊತ್ತು, ಅಂಗಡಿಯ ತುಂಬ ಮಕ್ಕಳು. ಸಂಜೆ ಥಾಕ್ ಬಹಳ ಹುರುಪಿನಲ್ಲಿ, "ಸರ್ಕಾರದೋರು ಫೋನ್ ಮಾಡಿದ್ರು ಕಣೇ, ನಮ್ಮ ಬೇಕರಿ ಬಗ್ಗೆ ಕೇಳಿದ್ರು. ಎಲ್ಲಾ ಹೇಳ್ದೆ" ಎಂದಿದ್ದ. ಅಡಿಗೆಮನೆಯ ಶುಚಿ ನೋಡುವವರಿರಬೇಕು ಎಂದುಕೊಂಡಿದ್ದಳು.

"ಗೊತ್ತಿಲ್ಲಪ್ಪ," ಎಂದಳು ಫೋನಿಗೆ. "ಆಮೇಲೆ ಮಾಡ್ತೀನಿ."

ಒಳಗಿನಿಂದ ದಿಯೆಮ್ ಇಣುಕಿದಳು. "ವಕೀಲರಾ ದೊಡ್ಡಮ್ಮ? ಏನಂತೆ?"

"ಏನೋ ಕಾಗದ ಸಾಲದಂತೆ. ಮೇಲ್ಮನವಿ ಹಾಕ್ಬೇಕಂತೆ. ನೀನು ತಲೆ ಕೆಡಿಸ್ಕೋಬೇಡ."

ಮೇಲ್ಮನವಿ ಹಾಕಬೇಕಾದದ್ದು ಅಂಗಡಿ. ನಾಮನಿರ್ದೇಶನ ಅಂಗಡಿಯದು, ತಿರಸ್ಕಾರವೂ ಅಂಗಡಿಗೆ. ದಿಯೆಮ್‌ಳ ಬದುಕು ಅದಕ್ಕೆ ಜೋತುಬಿದ್ದಿದ್ದರೂ ಮೇಲ್ಮನವಿ ಕೇಳುವ ನ್ಯಾಯಮಂಡಳಿಯ ಮುಂದೆ ಅವಳಿಗೆ ಬಾಯಿಲ್ಲ. ಬಾಯಿ ಇದ್ದದ್ದು ಲೂಯೆನ್‌ಗೆ. ಆ ಬಾಯಿಯಿಂದ ಹೇಳಬೇಕಾದದ್ದು ಏನೆಂದು ಖಾಂಗ್ ಎರಡನೆಯ ಫೋನಿನಲ್ಲಿ ಬಿಡಿಸಿ ಹೇಳಿದ. ಡಾಕ್ಟರ ಕಾಗದ ತರಿಸಬೇಕು. ದೊಡ್ಡಪ್ಪನ ಕೈಯಲ್ಲಿ ಈಗ ಕೆಲಸ ಆಗುವುದಿಲ್ಲ, ಎಲ್ಲವನ್ನೂ ದಿಯೆಮ್ ಮಾಡುತ್ತಾಳೆ ಎಂದು ಪ್ರಮಾಣ ಮಾಡಿ ಹೇಳಬೇಕು. "ನಿಜಾನೇ ತಾನೇ ದೊಡ್ಡಮ್ಮ? ನಿಜ ಹೇಳೋಕೆ ಯಾಕೆ ಇಷ್ಟು ಯೋಚನೆ?"

ಅವನಿಗೆ ಹೇಗೆ ಹೇಳುವುದು. ಈ ಮೂರು ವರ್ಷಗಳಲ್ಲಿ ಮನೆಯೊಳಗೆ ಯಾರೂ ಆಡದ ಮಾತು ಅದೊಂದೇ. ಥಾಕ್‌ನ ಅಂಗಿಯ ಗುಂಡಿಗಳನ್ನು ಅವಳು ರಾತ್ರಿಯೇ ಹಾಕಿಟ್ಟು, ಬೆಳಿಗ್ಗೆ ತಲೆಯ ಮೇಲಿಂದ ತೊಡಿಸುತ್ತಿದ್ದಳು. ಹುಣಸೆ ಹುಳಿಯ ಮೀನಿನ ಸಾರನ್ನು ಬಟ್ಟಲಿನ ಬದಲು ಹಿಡಿಯಿರುವ ದೊಡ್ಡ ಲೋಟದಲ್ಲಿ ಕೊಡುತ್ತಿದ್ದಳು, ಮತ್ತು ತಾನೂ ಲೋಟದಲ್ಲೇ ಕುಡಿಯುತ್ತಿದ್ದಳು.

ವಿಚಾರಣೆಯ ಕರೆ ಬರುವುದು ತಿಂಗಳುಗಟ್ಟಲೆ ತಡವಾಯಿತು. ಸುಗ್ಗಿ ಬಂತು. ಗೋಧಿಯ ಲಾರಿಗಳು ಊರಿನ ನಡುವೆ ಸಾಲುಗಟ್ಟಿದವು, ಚೆಲ್ಲಿದ ಕಾಳಿಗೆ ಗುಲಾಬಿ ಎದೆಯ ಗಿಳಿಗಳು ರಸ್ತೆಗಿಳಿದವು. ಲಾರಿಯವರೆಲ್ಲ ಪೈಗೆ ಬಂದು ನಿಲ್ಲುವ ಕಾಲ. ಅಂಗಡಿ ತುಂಬಿದಷ್ಟೂ ಲೂಯೆನ್‌ಳ ಎದೆ ಹಗುರಾಗಬೇಕಿತ್ತು. ಈ ವರ್ಷ ಪ್ರತಿ ಟ್ರೇ ಖಾಲಿಯಾದಾಗಲೂ, ಮುಂದಿನ ಸುಗ್ಗಿಗೆ ಇದನ್ನು ತುಂಬಿಸುವವರು ಯಾರು ಎಂದು ಕೇಳಿಕೊಳ್ಳುತ್ತಿದ್ದಳು.

ಲಾರಿ ಓಡಿಸುವ ನೋಯೆಲ್ ಎಂದಿನಂತೆ ಬಾಗಿಲಿನಿಂದಲೇ ಕೂಗಿದ. "ಏನಮ್ಮಾ ಲೂ! ನಿನ್ನ ಯಜಮಾನ ಇನ್ನೂ ಪೈ ಸುಡ್ತಾ ಇದಾನೋ, ನಿನ್ನೇ ಸುಡ್ತಾ ಇದಾನೋ?"

"ನಿನ್ನ ನಾಲಿಗೆ ಸುಡಬೇಕು ಅಂತಿದಾರೆ," ಎಂದಳು ಲೂಯೆನ್. "ಎಷ್ಟು ಪೈ?"

"ಎರಡು. ಸಾಸ್ ಧಾರಾಳವಾಗಿ ಹಾಕು." ಅಲ್ಲೇ ನಿಂತು ಒಂದು ಕಚ್ಚಿದ. "ಅಬ್ಬಬ್ಬ! ಥಾಕ್, ಏಯ್ ಥಾಕ್! ಈ ನಡುವೆ ಇನ್ನೂ ಚೆನ್ನಾಗಿ ಮಾಡ್ತಿದೀಯಲ್ಲೋ! ಇವನ ಕೈಗೆ ವಿಮೆ ಮಾಡಿಸಮ್ಮಾ, ಹೇಳಿರ್ತೀನಿ!"

ಒಳಗಿನಿಂದ ಥಾಕ್ ನಕ್ಕ. ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡು, "ಮುದುಕ ಅಂದ್ಕೊಂಡಿದ್ಯಾ?" ಎಂದು ಕೂಗಿದ. ಅವನ ಹಿಂದೆ ದಿಯೆಮ್ ಮೊಣಕೈಯವರೆಗೆ ಹಿಟ್ಟಿನಲ್ಲಿ ಮುಳುಗಿದ್ದಳು. ಅವಳು ತಲೆ ಎತ್ತಲಿಲ್ಲ. ಮೊದಲಾದರೆ ಇಂಥ ಹೊತ್ತಿನಲ್ಲಿ ಲೂಯೆನ್‌ಳ ಕಡೆ ನೋಡಿ ಸಣ್ಣಗೆ ನಗುತ್ತಿದ್ದಳು.

ಅಂದು ಮಧ್ಯಾಹ್ನ, ಥಾಕ್ ಮನೆಗೆ ಹೋಗಿ ಮಲಗಿದ ಮೇಲೆ, ದಿಯೆಮ್ ಮೇಜಿನ ಎದುರು ಬಂದು ನಿಂತಳು. ಅವಳ ಹೇಳಿಕೆ ಬೇಕೆಂದು ಖಾಂಗ್ ಫೋನ್ ಮಾಡಿದ್ದ. ಅವನಿಗೆ ಮುಚ್ಚುಮರೆ ಗೊತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದ್ದ.

"ನಾನು ಟ್ರೇ ತೊಳೆಯೋಳಾ ದೊಡ್ಡಮ್ಮ?"

"ದಿಯೆಮ್..."

"ತೊಳೀತೀನಿ, ಇಲ್ಲ ಅನ್ನಲ್ಲ. ನೆಲಾನೂ ಒರೆಸ್ತೀನಿ. ಆದ್ರೆ ದೊಡ್ಡಪ್ಪ ಹಾಗಂದ್ರಾ? ಅಷ್ಟೇ ಅಂದ್ರಾ?"

"ಅವರಿಗೆ ಯಾರು ಫೋನ್ ಮಾಡಿದ್ದು ಅಂತ ಗೊತ್ತಿರಲಿಲ್ಲ ಕಣೇ. ಗಂಡಸರ ಒಣ ಜಂಬ."

"ಗೊತ್ತಿದ್ದಿದ್ರೆ ಬೇರೆ ಹೇಳ್ತಿದ್ರಾ?"

ಲೂಯೆನ್ ಮೇಜಿನ ಮೇಲೆ ಚೆಲ್ಲಿದ ಹಿಟ್ಟನ್ನು ಅಂಗೈಯಿಂದ ಒಂದು ಕಡೆ ಗುಡಿಸಿದಳು.

"ನನಗೆ ಹೇಳಿದ್ರಿ, ಏನೋ ಕಾಗದ ಸಾಲದು ಅಂತ," ಎಂದಳು ದಿಯೆಮ್. ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಅಮ್ಮನಿಗೆ ಕಣ್ಣು ಕಾಣಿಸ್ತಿಲ್ಲ. ನಾನು ಹೋಗಿ ನೋಡ್ಕೊಂಡು ಬರೋ ಹಾಗೂ ಇಲ್ಲ, ಹೋದ್ರೆ ವಾಪಸ್ ಬರೋದಕ್ಕೆ ಆಗುತ್ತೋ ಇಲ್ವೋ. ಇಷ್ಟು ದಿನ ಏನೋ ಕಾಗದಾನೇ ಅಂದ್ಕೊಂಡು ಮಲಗ್ತಿದ್ದೆ."

ಮರುದಿನ ಮೊದಲ ಟ್ರೇ ಹೊರಬಂತು. ದಿಯೆಮ್ ಬ್ರೆಡ್ಡುಗಳನ್ನು ಒಂದೊಂದಾಗಿ ಎತ್ತಿ ನೇರವಾಗಿ ಬುಟ್ಟಿಗೆ ಜೋಡಿಸಿದಳು. ಬುಟ್ಟಿಯನ್ನು ತಂದು ಮುಂಭಾಗದ ಹಲಗೆಯ ಮೇಲಿಟ್ಟು, ಲೂಯೆನ್‌ಳ ಮುಖ ನೋಡದೆ ಒಳಗೆ ಹೋದಳು. ಎರಡನೆಯ ಟ್ರೇಯೂ ಹಾಗೆಯೇ ಬಂತು.

ಥಾಕ್ ಸ್ಟೂಲಿನ ಮೇಲೆ ಕಾಯುತ್ತಿದ್ದ. ಕೈಗಳನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದ. ಬ್ರೆಡ್ಡುಗಳು ಬುಟ್ಟಿಯೊಳಗೆ ತಮ್ಮಷ್ಟಕ್ಕೆ ತಾವು ಮಾತಾಡಿ, ಆ ಸದ್ದು ಒಂದೊಂದಾಗಿ ಆರಿಹೋಯಿತು. ಕೊನೆಗೆ ಲೂಯೆನ್ ಬುಟ್ಟಿಯಿಂದ ಒಂದನ್ನು ಎತ್ತಿಕೊಂಡು ಹೋಗಿ ಅವನ ಅಂಗೈಯ ಮೇಲಿಟ್ಟಳು. ಅವನು ಕಿವಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ.

"ಇವತ್ತು ತಡ ಆಯ್ತು," ಎಂದ. "ಇದು ಸುಮ್ಮನಾಗಿಬಿಟ್ಟಿದೆ."

ದಿಯೆಮ್ ಓವನ್ನಿನತ್ತ ತಿರುಗಿ ನಿಂತಿದ್ದಳು. ಅವಳ ಹೆಗಲು ಒಮ್ಮೆ ಏರಿ ಇಳಿಯಿತು. ಮಾರನೆಯ ದಿನ ಮೊದಲ ಬ್ರೆಡ್ಡು ಮತ್ತೆ ಅವಳ ಕೈಯಿಂದಲೇ ಬಂತು. ಆದರೆ ಎರಡೂ ಕೈ ನೀಡಿ ಕೊಡಲಿಲ್ಲ, ಅವನ ಪಕ್ಕದ ಮೇಜಿನ ಮೇಲಿಟ್ಟು ಹೋದಳು. ಅಷ್ಟಕ್ಕೇ ಲೂಯೆನ್ ಮನಸ್ಸಿನಲ್ಲೇ ಕೈ ಮುಗಿದಳು.

ವಿಚಾರಣೆಯ ದಿನ ಬಂದೇ ಬಂತು. ಊರಿನ ಗ್ರಂಥಾಲಯದ ಒಂದು ಸಣ್ಣ ಕೋಣೆಯಲ್ಲಿ ಪರದೆ ಇಟ್ಟು ವ್ಯವಸ್ಥೆ ಮಾಡಿದ್ದರು, ಮೆಲ್ಬರ್ನ್‌ಗೆ ಹೋಗಬೇಕಿರಲಿಲ್ಲ. ಥಾಕ್‌ಗೆ ಬ್ಯಾಂಕಿನ ಕೆಲಸವಿದೆ ಎಂದು ಸುಳ್ಳು ಹೇಳಿ ಹೊರಡುವುದೆಂದು ಲೂಯೆನ್ ತೀರ್ಮಾನಿಸಿದ್ದಳು. ಅವನಿಲ್ಲದ ಕಡೆ ಆ ಮಾತು ಹೇಗೋ ಹೊರಬರುತ್ತದೆ. ಹೇಳಬೇಕಾದ ಆ ಒಂದು ವಾಕ್ಯವನ್ನು ಬಚ್ಚಲುಮನೆಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದ್ದಳು. ತಲೆ ಬಾಚಿಕೊಂಡು ಹೊರಗೆ ಬಂದರೆ, ಥಾಕ್ ಬಾಗಿಲ ಬಳಿ ನಿಂತಿದ್ದ. ಬೇಕರಿಯ ಬಿಳಿ ಕೋಟು ತೊಟ್ಟಿದ್ದ. ಗುಂಡಿಗಳನ್ನು ತಾನೇ ಹಾಕಿಕೊಂಡಿದ್ದ. ಒಂದು ಮೇಲೆ, ಒಂದು ಕೆಳಗೆ.

"ರೀ, ನೀವೆಲ್ಲಿಗೆ?"

"ನಮ್ಮ ಅಂಗಡಿ ವಿಷಯ ಅಂತಲ್ಲ. ಆ ಖಾಂಗ್ ಫೋನ್ ಮಾಡಿದ್ದ."

"ಏನಂದ?"

"ಹನ್ನೊಂದು ಗಂಟೆಗೆ ಅಂದ. ಗ್ರಂಥಾಲಯ ಅಂದ. ನಾನಿಲ್ದೆ ಬೇಕರಿ ಬಗ್ಗೆ ಏನ್ ಹೇಳ್ತೀಯಾ ನೀನು? ಗಲ್ಲಾ ಮೇಲೆ ಕೂರೋಳು."

ಇಬ್ಬರೂ ಗ್ರಂಥಾಲಯಕ್ಕೆ ನಡೆದರು. ಗೋಡೆಗಳ ಮೇಲೆ ಬಿಸಿಲು ಬೆಳ್ಳಗೆ ಹೊಡೆಯುತ್ತಿತ್ತು. ಅವನ ತೋಳು ಹಿಡಿದು ಮೆಟ್ಟಿಲು ಹತ್ತಿಸುವಾಗ ಆ ನಡುಕ ತನ್ನ ತೋಳಿಗೂ ಹತ್ತಿ ಬರುತ್ತಿದೆ ಅನ್ನಿಸಿತು.

ಪರದೆಯ ಮೇಲೆ ತೀರ್ಪು ಕೊಡುವ ಹೆಂಗಸು ಕಾಣಿಸಿದಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ, ಸಾವಧಾನದ ಮುಖ. ಇನ್ನೊಂದು ಚೌಕದಲ್ಲಿ ಖಾಂಗ್. ದುಭಾಷಿಯ ಮುಖವಿರಲಿಲ್ಲ, ದನಿ ಮಾತ್ರ ಇತ್ತು. ದಿಯೆಮ್ ಅಂಗಡಿಯಲ್ಲೇ ಉಳಿದಿದ್ದಳು. ಕರೆದರೆ ಮಾತ್ರ ಅವಳು ಫೋನಿನಲ್ಲಿ ಮಾತಾಡಬಹುದು.

ಹೆಸರು, ಅಂಗಡಿ, ವರ್ಷ ಎಲ್ಲ ಆಯಿತು. ಆಮೇಲೆ ಆ ಹೆಂಗಸು ಕೇಳಿದಳು: "ನಿಮ್ಮ ಬೇಕರಿಯಲ್ಲಿ ಹಿಟ್ಟು ಕಲಸಿ, ನಾದಿ, ಸುಡುವವರು ಯಾರು?"

ಲೂಯೆನ್ ಬಾಯಿ ತೆರೆದಳು. ಬಚ್ಚಲುಮನೆಯ ವಾಕ್ಯ ಎಲ್ಲಿ ಹೋಯಿತೋ. ಪಕ್ಕದಲ್ಲಿ ಥಾಕ್ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಮೇಜಿನ ಕೆಳಗೆ ಅವನ ಬೆರಳುಗಳು ಕೋಟಿನ ಅಂಚಿಗೆ ಬಡಿಯುವ ಸದ್ದು, ಬೇರೆ ಯಾರಿಗೂ ಕೇಳಿಸದ್ದು, ಅವಳಿಗೆ ಕೇಳಿಸುತ್ತಿತ್ತು. ದುಭಾಷಿಯ ದನಿ ಕಾಯಿತು. ಖಾಂಗ್ ಕತ್ತು ಮುಂದೆ ಚಾಚಿದ. ಒಂದು ಕಣ್ಣು ಮಿಟುಕಿಸುವಷ್ಟು ಹೊತ್ತು, ಎದ್ದು ಮನೆಗೆ ಹೋಗಿಬಿಡೋಣ, ಅಂಗಡಿ ಮುಚ್ಚೋಣ, ಯಾರ ಮಾನವೂ ಹೋಗುವುದು ಬೇಡ ಅನ್ನಿಸಿತು. ಅದರ ಹಿಂದೆಯೇ ದಿಯೆಮ್‌ಳ ಏರದ ದನಿ ಕಿವಿಗೆ ಬಂತು.

"ನನ್ನ ಗಂಡನ ಕೈ ನಡುಗುತ್ತೆ," ಎಂದಳು. "ಮೂರು ವರ್ಷ ಆಯ್ತು. ಅವರು ಹಿಟ್ಟು ಮುಟ್ಟಲ್ಲ. ಎಲ್ಲಾ ದಿಯೆಮ್ ಮಾಡೋದು."

ಅಷ್ಟೇ. ಆದರೆ ಮುಖವಿಲ್ಲದ ಆ ದನಿ ಅದನ್ನೇ ಇನ್ನೊಮ್ಮೆ ಇಂಗ್ಲಿಷಿನಲ್ಲಿ ಹೇಳಿತು. ಎರಡು ಸಲ ಕೇಳಬೇಕಾಗುತ್ತದೆ ಎಂದು ಅವಳು ಯೋಚಿಸಿರಲಿಲ್ಲ. ಥಾಕ್‌ನತ್ತ ತಿರುಗುವ ಧೈರ್ಯವಾಗಲಿಲ್ಲ. ಬೆರಳುಗಳ ಸದ್ದು ನಿಂತಿತ್ತು. ಕೈಗಳನ್ನು ಎಲ್ಲೋ ಒತ್ತಿ ಹಿಡಿದಿರಬೇಕು.

ತೀರ್ಪುಗಾರ್ತಿ ಅವನ ಹೆಸರು ಹಿಡಿದು ಕರೆದಳು. "ಇಲಾಖೆಯವರು ಫೋನ್ ಮಾಡಿದಾಗ ಮಾತಾಡಿದ್ದು ನೀವೇ ಅಲ್ಲವೇ?"

"ನಾನೇ."

"ಎಲ್ಲವನ್ನೂ ನಾನೇ ಮಾಡುತ್ತೇನೆ ಎಂದಿರಿ."

"ಅಂದೆ." ಅವನ ದನಿ ಗಟ್ಟಿಯಾಗಿಯೇ ಇತ್ತು. ಲೂಯೆನ್ ಕಣ್ಣು ಮುಚ್ಚಿದಳು. ಮುಗಿಯಿತು ಎಂದುಕೊಂಡಳು.

"ಹಾಗಾದರೆ ಬೆಳಿಗ್ಗೆ ನೀವು ಏನು ಮಾಡುತ್ತೀರಿ? ನಿಧಾನವಾಗಿ ಹೇಳಿ."

ಥಾಕ್ ಒಂದು ಕೈಯನ್ನು ಮೇಜಿನ ಕೆಳಗಿನಿಂದ ತೆಗೆದು ಕಿವಿಯ ಬಳಿ ಹಿಡಿದ. ಅದು ನಡುಗಿತು. ಪರದೆಯ ಆ ಕಡೆಯವರೆಲ್ಲ ನೋಡಿದರು.

"ಬ್ರೆಡ್ಡು ಕೇಳ್ತೀನಿ," ಎಂದ. "ಹಿಟ್ಟು ಸರಿಯಾಗಿ ನಾದಿದ್ರೆ, ಹದವಾಗಿ ಉಬ್ಬಿದ್ರೆ, ಹೊರಗೆ ಬಂದ್ಮೇಲೆ ಅದು ಹಾಡುತ್ತೆ. ನಾದಿದ್ದು ಸಾಲದಿದ್ರೆ ಮೂಗನ ಥರ ಬಿದ್ದಿರುತ್ತೆ. ಅಂಥದ್ದನ್ನ ನಾನು ಅಂಗಡಿಗೆ ಬಿಡಲ್ಲ. ವಾಪಸ್ ಕಳಿಸ್ತೀನಿ. ಹಿಂದೆ ಎಷ್ಟೋ ಜನ ಬಂದು ಹೋದ್ರು ಸಹಾಯಕ್ಕೆ ಅಂತ. ಎಲ್ಲರದ್ದೂ ವಾಪಸ್ ಕಳಿಸಿದೀನಿ."

"ದಿಯೆಮ್ ಅವರದ್ದು?"

ಥಾಕ್ ಕೈ ಇಳಿಸಿದ. ಈ ಸಲ ಅದನ್ನು ಮರೆಮಾಡಲಿಲ್ಲ, ಮೇಜಿನ ಮೇಲೆಯೇ ಬಿಟ್ಟ.

"ಒಂದೂ ಕಳಿಸಿಲ್ಲ," ಎಂದ. "ನನ್ನದೇ ಎಷ್ಟೋ ಕಳಿಸಿದೀನಿ, ಕೈ ಚೆನ್ನಾಗಿದ್ದಾಗ. ಅವಳದ್ದು ಒಂದೂ ಇಲ್ಲ."

ತೀರ್ಮಾನ ಆಮೇಲೆ ತಿಳಿಸಲಾಗುವುದು ಎಂದರು. ಪರದೆ ಕಪ್ಪಾಯಿತು.

ಇಬ್ಬರೂ ಮನೆಗೆ ಬಂದರು. ಲೂಯೆನ್ ಅನ್ನ ಬಡಿಸಿದಳು, ಅವನು ಉಂಡ. ಕೋಟು ಬಿಚ್ಚುವಾಗ ಗುಂಡಿಗಳಿಗೆ ಅವಳು ಕೈ ಹಾಕಿದಳು. "ಎಲ್ಲರ ಮುಂದೆ ಹೇಳಿಬಿಟ್ಟೆ," ಎಂದಳು.

"ಹೂಂ," ಎಂದ ಥಾಕ್. ಕತ್ತು ಎತ್ತಿಕೊಟ್ಟು, "ಆ ಮೇಲಿನ ಗುಂಡಿ ಬಿಗಿ ಇದೆ, ನೋಡ್ಕೊಂಡು ತೆಗಿ," ಎಂದ.

ಮರುದಿನ ಅವನು ಬರುವನೋ ಇಲ್ಲವೋ ಎಂದು ಅವಳು ಬೇಗ ಹೋಗಿ ಅಂಗಡಿಯಲ್ಲಿ ಚಡಪಡಿಸುತ್ತಿದ್ದಳು. ಮೊದಲ ಟ್ರೇ ಹೊರಬಂದಾಗ ಸ್ಟೂಲು ಖಾಲಿಯಿತ್ತು. ದಿಯೆಮ್ ಬ್ರೆಡ್ಡುಗಳನ್ನು ಬುಟ್ಟಿಗೆ ಹಾಕಲಿಲ್ಲ. ಬಟ್ಟೆ ಹಿಡಿದು ಬಾಗಿಲನ್ನೇ ನೋಡುತ್ತ ನಿಂತಳು. ಗ್ರಂಥಾಲಯದಲ್ಲಿ ಆದದ್ದೆಲ್ಲ ಖಾಂಗ್ ಅವಳಿಗೆ ಹೇಳಿದ್ದ. ಥಾಕ್ ಕಾಲೆಳೆಯುತ್ತ ಬಂದಾಗ ಬ್ರೆಡ್ಡು ಅರ್ಧ ತಣ್ಣಗಾಗಿತ್ತು.

"ಏನು, ನನಗೆ ಕಾಯ್ತಿದೀಯಾ?" ಎಂದು ರೇಗಿದ. "ಬ್ರೆಡ್ಡು ಯಾರಿಗಾದ್ರೂ ಕಾಯುತ್ತಾ? ಬುದ್ಧಿ ಇಲ್ವಾ?"

"ಇಲ್ಲ ದೊಡ್ಡಪ್ಪ," ಎಂದಳು ದಿಯೆಮ್, ಎರಡೂ ಕೈ ನೀಡುತ್ತ.

ತೀರ್ಪು ಬಂದಾಗ ಚಳಿಗಾಲ ಶುರುವಾಗಿತ್ತು. ತಿರಸ್ಕಾರ ರದ್ದಾಗಿ, ನಾಮನಿರ್ದೇಶನ ಒಪ್ಪಿಗೆಯಾಗಿತ್ತು. ಫೋನಿನಲ್ಲಿ ಖಾಂಗ್ ಕುಣಿದಾಡುತ್ತಿದ್ದ. ಲೂಯೆನ್ ಅಳಲೂ ಇಲ್ಲ, ನಗಲೂ ಇಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಒಂದು ಅಂಗೈ ಊರಿ ನಿಂತಳು. ಆಮೇಲೆ ಖಾಂಗ್ ದನಿ ತಗ್ಗಿಸಿ ಹೇಳಿದ: "ಇದು ಅಂಗಡಿದು ಮುಗೀತು ದೊಡ್ಡಮ್ಮ. ಇನ್ನು ಅವರ ಸ್ವಂತ ವೀಸಾ ಕಡತ ಚಲಿಸಬೇಕು. ಇಲಾಖೆಯಿಂದ ಇನ್ನೊಂದ್ಸಲ ಫೋನ್ ಬಂದ್ರೂ ಬರಬಹುದು. ದಯವಿಟ್ಟು ನೀವೇ ಎತ್ಕೊಳ್ಳಿ."

ಅಂದಿನಿಂದ ಫೋನಿನ ಮೊದಲ ಗಂಟೆಗೇ ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದಳು. ಬರುತ್ತಿದ್ದದ್ದು ಹಿಟ್ಟಿನ ಗಿರಣಿಯವರ ಫೋನು, ಹುಟ್ಟುಹಬ್ಬದ ಕೇಕಿನ ಫೋನು, ಯಾರೋ ತಪ್ಪಿ ಒತ್ತಿದ ಫೋನು. ಆ ಫೋನನ್ನು ಗಲ್ಲಾದ ಬಳಿಗೆ ಹಾಕಿಸೋಣ ಎಂದು ಎಷ್ಟೋ ಸಲ ಅಂದುಕೊಂಡಳು. ಅದನ್ನು ಕಿತ್ತರೆ ಥಾಕ್ ಅರ್ಥ ಮಾಡಿಕೊಳ್ಳುತ್ತಾನೆ. ಹಾಗಾಗಿ ಅದು ಸ್ಟೂಲಿನ ಮೇಲಿನ ಗೋಡೆಯಲ್ಲೇ ಉಳಿಯಿತು.

ಒಂದು ದಿನ ಶಾಲೆ ಬಿಟ್ಟ ಹೊತ್ತು. ಅಂಗಡಿಯ ತುಂಬ ಮಕ್ಕಳು, ಎರಡು ಕೈಯಲ್ಲೂ ಕ್ರೀಮು ತುಂಬಿದ ಬನ್ನಿನ ತಟ್ಟೆ, ಗಲ್ಲಾದ ಕಿರುಬಾಗಿಲಿಗೆ ಅಡ್ಡವಾಗಿ ನೋಯೆಲ್‌ನ ದೊಡ್ಡ ಹೊಟ್ಟೆ. ಒಳಗೆ ಫೋನು ಬಡಿದುಕೊಂಡಿತು. "ಸರಿ ನೋಯೆಲ್, ಸರಿ ಆಚೆ!" ಎಂದಳು. ಎರಡನೆಯ ಗಂಟೆ. ಮೂರನೆಯದು ಅರ್ಧಕ್ಕೇ ನಿಂತಿತು. ಥಾಕ್‌ನ ದನಿ ಕೇಳಿಸಿತು, ಅವನ ಒರಟು ಇಂಗ್ಲಿಷು:

"ಹೌದು. ಕಲ್ಕೂನಾ ಬೇಕರಿ."

ತಟ್ಟೆ ಅವಳ ಕೈಯಲ್ಲಿ ಓರೆಯಾಯಿತು. ಒಂದು ಬನ್ನು ಜಾರಿ ನೆಲಕ್ಕೆ ಬಿತ್ತು, ಮಕ್ಕಳು ಹೋ ಎಂದರು. ಆ ಗಲಾಟೆಯಲ್ಲಿ ಆ ಕಡೆಯವರು ಏನು ಕೇಳಿದರೋ, ಎಷ್ಟು ಹೊತ್ತು ಕೇಳಿದರೋ. ಥಾಕ್ ರಿಸೀವರನ್ನು ಎರಡು ಕೈಯಲ್ಲಿ, ಬ್ರೆಡ್ಡಿನ ಹಾಗೆ, ಕಿವಿಗೆ ಒತ್ತಿ ಹಿಡಿದಿದ್ದ. ಕಣ್ಣು ಮುಚ್ಚಿದ್ದ.

"ಒಂದು ನಿಮಿಷ ಇರಿ," ಎಂದ. "ಮಾಸ್ಟರ್ ಒಳಗಿದಾಳೆ. ಕರೀತೀನಿ."